ಇದೇ ಆ ಜಾಗ

ಮೊಣಕಾಲಿಗೆ ಸುತ್ತಿದ ಪಟ್ಟಿ ಪ್ಯಾಂಟಿನ ಮೇಲಿಂದ ಉಬ್ಬಿ ಕಾಣುತ್ತಿದೆಯೇ ಎಂದು ಗೈಡು ಹೋಟೆಲಿನ ಗಾಜಿನ ಬಾಗಿಲಲ್ಲಿ ಮೂರನೆಯ ಸಲ ನೋಡಿಕೊಂಡ. ಯಾರೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗಾಗಿತ್ತು ಅವನ ಬಾಳು. ಬೆಳಿಗ್ಗೆ ಹೆಂಡತಿ ನೆಲದ ಮೇಲೆ ಕೂತು ಆ ಪಟ್ಟಿ ಸುತ್ತುತ್ತಾ, "ಕಾಲು ನೋವು ಅಂತ ಬಾಯಿಬಿಟ್ಟು ಹೇಳಿಬಿಡ್ರೀ. ಅದರಲ್ಲಿ ಹೋಗೋ ಮಾನ ಏನಿದೆ?" ಅಂದಿದ್ದಳು. "ನಿನಗೆ ಗೊತ್ತಾಗಲ್ಲ, ಸುಮ್ನೆ ಬಿಗಿಯಾಗಿ ಕಟ್ಟು" ಎಂದು ರೇಗಿದ್ದ. ಹೇಳಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಹೋದ ತಿಂಗಳು ಹಾಳು ಪಟ್ಟಣದ ಬಯಲು ರಂಗಮಂದಿರದ ಮೆಟ್ಟಿಲಲ್ಲಿ, "ಇಲ್ಲಿ ಎರಡು ಸಾವಿರ ಜನ ಕೂರುತ್ತಿದ್ದರು" ಎಂದು ಕೈ ಚಾಚಿದವನೇ ಹನ್ನೊಂದು ಮಂದಿ ಪ್ರವಾಸಿಗಳ ಮುಂದೆ ಧೊಪ್ಪೆಂದು ಬಿದ್ದಿದ್ದ. ನೋವಿಗಿಂತ ಹೆಚ್ಚಾಗಿ ಇವತ್ತಿಗೂ ಚುಚ್ಚುವುದು, ಯಾರೋ ಒಬ್ಬಾಕೆ ಅವನ ಪ್ಯಾಂಟಿನ ಹಿಂಭಾಗದ ಧೂಳನ್ನು ಮಗುವಿಗೆ ಕೊಡವಿದ ಹಾಗೆ ಪಟಪಟ ಕೊಡವಿದ್ದು. ಸುದ್ದಿ ಅವನಿಗಿಂತ ಮುಂಚೆ ಆಫೀಸು ಮುಟ್ಟಿತ್ತು. ಮಾಲೀಕ ಒಂದು ಕಾಲದಲ್ಲಿ ಇವನ ಹಿಂದೆ ಹಿಂದೆ ಓಡಾಡಿ ಕೆಲಸ ಕಲಿತವನು. "ಗುರುಗಳೇ, ಇನ್ಮೇಲೆ ಮ್ಯೂಸಿಯಮ್ಮಿನ ಟೂರು ಮಾತ್ರ ಮಾಡಿ. ಲಿಫ್ಟ್ ಇದೆ, ಮಧ್ಯೆ ಮಧ್ಯೆ ಕೂತ್ಕೋಬಹುದು" ಎಂದ. ಗುರುಗಳೇ ಎನ್ನುವಾಗ ಅವನ ದನಿಯಲ್ಲಿ ನಿಜವಾದ ಅಕ್ಕರೆ ಇತ್ತು, ಅದೇ ದೊಡ್ಡ ಕಷ್ಟ. "ಚಪ್ಪಲಿ ಜಾರಿತು ಕಣಯ್ಯ. ಕಾಲಿಗೇನಾಗಿದೆ ಧಾಡಿ?" ಎಂದು ಇವನು ಆಫೀಸಿನ ನಡುವೆ ಎರಡು ಸಲ ಕೂತು ಎದ್ದು ತೋರಿಸಿದ್ದ. ಆಮೇಲೆ ಯಾರೂ ಕಾಣದ ಕಡೆ ಗೋಡೆ ಹಿಡಿದು ಹತ್ತು ನಿಮಿಷ ನಿಂತಿದ್ದ.

ಮಾಲೀಕ ಕೊನೆಗೆ ಅರೆಮನಸ್ಸಿನಿಂದ ಒಪ್ಪಿ ಕೊಟ್ಟ ಇವತ್ತಿನ ಚೀಟಿಯಲ್ಲಿ ಬರೆದಿತ್ತು: ಇಬ್ಬರು ಹೆಂಗಸರು, ಅವರಿಗೆಂದೇ ಒಂದು ಕಾರು, ಹಾಳು ಪಟ್ಟಣ, ಗುಡ್ಡದ ಚರ್ಚು, ಸನ್ಯಾಸಿಗಳ ಹಳೆಯ ಮಠ. ಗುಡ್ಡದ ಚರ್ಚಿಗೆ ಇನ್ನೂರ ಹನ್ನೆರಡು ಮೆಟ್ಟಿಲು. ಲಿಫ್ಟಿನ ಬಾಗಿಲು ತೆರೆದು, ಕಪ್ಪು ಕನ್ನಡಕದ ಮುದುಕಿಯೊಬ್ಬಳು ನಡುವಯಸ್ಸಿನ ಹೆಂಗಸಿನ ತೋಳು ಹಿಡಿದು, ಮುಂದೆ ಬಿಳಿ ಕೋಲು ಆಡಿಸುತ್ತಾ ಹೊರಬಂದಳು. ಕಣ್ಣು ಕಾಣದು ಎಂದು ತಿಳಿದಾಗ ಅವನೊಳಗೆ ಮೊದಲು ಎದ್ದದ್ದು ಕನಿಕರವಲ್ಲ, ನಿರಾಳ. ಇವರೆಲ್ಲಿ ಹತ್ತುತ್ತಾರೆ, ಕೆಳಗೇ ನಿಂತು ಕೈಮುಗಿದು ಬರುತ್ತಾರೆ, ಬದುಕಿದೆಯಾ ಬಡಜೀವವೇ ಅಂದುಕೊಂಡ. ಆ ನಿರಾಳ ಕಾರಿನ ತನಕವೂ ಉಳಿಯಲಿಲ್ಲ. "ಇನ್ನೂರು ಚಿಲ್ಲರೆ ಮೆಟ್ಟಿಲಂತಲ್ಲ?" ಎಂದಳು ಮುದುಕಿ, ಅವನ ದನಿ ಬಂದ ಕಡೆಗೆ ಸರಿಯಾಗಿ ಮುಖ ತಿರುಗಿಸಿ. "ನನ್ನ ನೋಡಿ ಹೆದರಬೇಡಿ. ಮೂರು ತಿಂಗಳಿಂದ ನಮ್ಮ ಕಟ್ಟಡದ ಮೆಟ್ಟಿಲು ದಿನಾ ಹತ್ತಿ ಇಳಿದು ರೂಢಿ ಮಾಡ್ಕೊಂಡಿದೀನಿ." ಜೊತೆಯವಳು ನಕ್ಕಳು. "ನಾಲ್ಕನೇ ಮಹಡಿ ತನಕ ಸರ್, ದಿನಕ್ಕೆರಡು ಸಲ. ನನಗೆ ಏದುಸಿರು ಬರ್ತಿತ್ತು, ದೊಡ್ಡಮ್ಮನಿಗೆ ಬರ್ತಿರಲಿಲ್ಲ." ಅವಳು ಮುದುಕಿಯ ತಂಗಿಯ ಮಗಳು, ಕಚೇರಿಗೆ ಎರಡು ದಿನ ರಜೆ ಹಾಕಿ ಕರೆದುಕೊಂಡು ಬಂದಿದ್ದಳು, ರಾತ್ರಿಯ ರೈಲಿಗೆ ವಾಪಸು. "ಭೇಷ್, ಭೇಷ್" ಎಂದ ಗೈಡು. ಆಗಿನಿಂದ ಅವನ ಮನಸ್ಸಿನಲ್ಲೂ ಅವಳು ದೊಡ್ಡಮ್ಮನೇ ಆದಳು.

ಹಾಳು ಪಟ್ಟಣದಲ್ಲಿ ಬಿಸಿಲು ಇನ್ನೂ ಏರಿರಲಿಲ್ಲ. ಉರುಳಿದ ಕಂಬಗಳು, ಅರ್ಧ ಗೋಡೆಗಳು, ಸೂರಿಲ್ಲದ ಸ್ನಾನದ ಮನೆ, ಬಣ್ಣದ ಕಲ್ಲಿನ ಚೂರು ಕೂಡಿಸಿ ಮೀನು ಬಿಡಿಸಿದ ನೆಲ. ಇಪ್ಪತ್ತೇಳು ವರ್ಷಗಳಿಂದ ಅವನು ಇಲ್ಲಿ ನಡೆಯುತ್ತಿದ್ದ, ಮಾತು ಅವನ ಬಾಯಿಯಿಂದ ತಾನೇ ತಾನಾಗಿ ಬರುತ್ತಿತ್ತು, ಅವನು ಒಳಗೆ ಬೇರೆ ಏನನ್ನೋ ಯೋಚಿಸುತ್ತಾ ಇರಬಹುದಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಯಾರೋ ಒಬ್ಬರು, "ರಾಜ ಎಲ್ಲಿ ಮಲಗ್ತಿದ್ದ?" ಎಂದು ಕೇಳಿದ್ದರು. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಮೂಲೆಯ ಒಂದು ಉದ್ದನೆಯ ಕಲ್ಲು ತೋರಿಸಿ, "ಇದೇ ಆ ಜಾಗ" ಅಂದುಬಿಟ್ಟಿದ್ದ. ಕೇಳಿದವರ ಮುಖ ಹೇಗೆ ಅರಳಿತೆಂದರೆ, ಆಮೇಲೆ ಆ ಕಲ್ಲಿನಿಂದ ರಾಜನನ್ನು ಎಬ್ಬಿಸುವುದು ಅವನಿಂದ ಆಗಲೇ ಇಲ್ಲ. ಈಗ ಬೇರೆ ಗೈಡುಗಳೂ ಅದನ್ನೇ ಹೇಳುತ್ತಾರೆ. ಅದು ದನದ ಗೊಂತಿನ ಕಲ್ಲೋ ಏನೋ, ದೇವರಿಗೇ ಗೊತ್ತು. ಇದರಿಂದ ಯಾರ ಗಂಟು ಹೋಯಿತು ಎಂದು ಅವನು ಕೇಳಿಕೊಂಡಿದ್ದ, ಯಾರದೂ ಹೋಗಿರಲಿಲ್ಲ. ದೊಡ್ಡಮ್ಮ ಮಾತ್ರ ಬೇರೆ ಥರ ನೋಡುತ್ತಿದ್ದಳು. ಬೀದಿಯ ಹಾಸುಗಲ್ಲಿನಲ್ಲಿ ಗಾಡಿಯ ಚಕ್ರ ಸವೆಸಿದ ಗೆರೆ ಇದೆ ಎಂದು ಹೇಳಿದ ಕೂಡಲೇ ಕೋಲನ್ನು ತಂಗಿಯ ಮಗಳ ಕೈಗೆ ಕೊಟ್ಟು, ಕುಕ್ಕರುಗಾಲಲ್ಲಿ ಕೂತು, ಆ ಗೆರೆಯೊಳಗೆ ನಾಲ್ಕೂ ಬೆರಳು ಇಟ್ಟು ಒಂದು ಗಾವುದ ದೂರ ಹೋಗುವವಳ ಹಾಗೆ ಸವರಿದಳು. ಎಷ್ಟು ಸಲೀಸಾಗಿ ಕೂತಳು, ಎಷ್ಟು ಸಲೀಸಾಗಿ ಎದ್ದಳು! ಅವನಿಗೆ ಹೊಟ್ಟೆಕಿಚ್ಚಾಯಿತು. ಕುರುಡಿ ಮುದುಕಿಯ ಮಂಡಿ ನೋಡಿ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲಪ್ಪಾ ಎಂದು ತನ್ನನ್ನೇ ಬೈದುಕೊಂಡ.

"ಎಲ್ಲಾ ಚೆನ್ನಾಗಿ ಹೇಳ್ತೀರಿ" ಎಂದಳು ದೊಡ್ಡಮ್ಮ ನೆರಳಿನಲ್ಲಿ ಕೂತು ನೀರು ಕುಡಿಯುತ್ತಾ. "ಆದ್ರೆ ನಾನು ಬಂದಿರೋದು ಗುಡ್ಡದ ಚರ್ಚಿಗೆ. ನನ್ನ ತಂಗಿ, ಇವಳಮ್ಮ, ಅಲ್ಲಿ ನನ್ನ ಹೆಸರಲ್ಲಿ ಒಂದು ಬತ್ತಿ ಹಚ್ಚಿದ್ಲು. ಹದಿನಾರು ವರ್ಷ ಆಯ್ತು. ನಾನು ಅವಳಿಗೆ ವಾಪಸ್ ಹಚ್ಚಬೇಕು, ಅದೇ ಜಾಗದಲ್ಲಿ. ಅವಳಿಲ್ಲ ಈಗ." ಚೀಲದಿಂದ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ದಪ್ಪ ಮೇಣದಬತ್ತಿಯೊಂದನ್ನು ತೆಗೆದು ತೋರಿಸಿದಳು. ಒಂದೇ ಒಂದು. ಗೈಡು ಅದನ್ನು ನೋಡುತ್ತಿರುವಾಗಲೇ ಅವನ ಮೊಣಕಾಲಿನೊಳಗೆ ಏನೋ ಹೊರಳಿತು. ಅವನು ಕಂಬಕ್ಕೆ ಒರಗಿ ಕಂಬದ ವಯಸ್ಸಿನ ಬಗ್ಗೆ ಮಾತಾಡತೊಡಗಿದ.

ಊಟ ಮುಗಿಸಿ ಹೊರಟಾಗ ಎರಡು ಗಂಟೆ. ಡ್ರೈವರಿಗೆ ಅವನಿಟ್ಟ ಹೆಸರು ಗೊಣಗ. ಹದಿಮೂರು ವರ್ಷದ ಸ್ನೇಹ, ಅಷ್ಟೂ ವರ್ಷ ರಸ್ತೆಯನ್ನೂ ಸರಕಾರವನ್ನೂ ತನ್ನ ಅಳಿಯನನ್ನೂ ಬೈದುಕೊಂಡೇ ಗಾಡಿ ಓಡಿಸಿದವನು. ಕವಲಿನಲ್ಲಿ ಅವನು ಬಲಗಡೆಯ ದೀಪ ಹಾಕಿದ. ಬಲಕ್ಕೆ ಗುಡ್ಡ. ನೇರ ಹೋದರೆ, ದಿಬ್ಬದ ಮೇಲೆ ಇನ್ನೊಂದು ಚರ್ಚಿತ್ತು, ಅದೂ ದೇವಮಾತೆಯದೇ, ಅದೂ ಹಳೆಯದೇ, ಆದರೆ ಅದನ್ನು ನೋಡಲೆಂದು ದೂರದಿಂದ ಯಾರೂ ಬರುತ್ತಿರಲಿಲ್ಲ. ಅದಕ್ಕೆ ಇಪ್ಪತ್ತು ಮೆಟ್ಟಿಲು. ಗಾಜಿನಾಚೆ ಗುಡ್ಡದ ಕಡಿದಾದ ಪಕ್ಕೆ ಕಂಡದ್ದೇ ತಡ, ಗೈಡಿಗೆ ಅರ್ಧ ದಾರಿಯಲ್ಲಿ ಕೂತುಬಿಟ್ಟ ತಾನು ಕಂಡ, ತನ್ನ ಎರಡು ಕಂಕುಳಿಗೂ ಕೈ ಹಾಕಿ ಎಬ್ಬಿಸುತ್ತಿರುವ ಆ ಇಬ್ಬರು ಹೆಂಗಸರು ಕಂಡರು, ಅವರಲ್ಲೊಬ್ಬಳು ಕುರುಡಿ. ಆಮೇಲೆ ಮಾಲೀಕನ ಅಕ್ಕರೆಯ ಮುಖ ಕಂಡಿತು. "ನೇರ ಹೋಗು" ಎಂದ. ಗೊಣಗ, "ಸಾರ್, ಗುಡ್ಡ ಬಲಕ್ಕಲ್ವಾ..." ಎಂದು ಶುರುಮಾಡಿದ. "ಹೊಸ ರಸ್ತೆ ಆಗಿದೆಯಲ್ಲಯ್ಯ, ನೇರ ಹೋಗು." ಗೊಣಗ ಕನ್ನಡಿಯಲ್ಲಿ ಅವನನ್ನು ನೋಡಿದ. ಹದಿಮೂರು ವರ್ಷದಲ್ಲಿ ಮೊದಲ ಬಾರಿಗೆ ಅವನು ಏನೂ ಗೊಣಗದೆ ದೀಪ ಆರಿಸಿ ನೇರ ಹೋದ. ಮಾಡಿದ್ದು ಇಷ್ಟೇ, ಎರಡು ಪದ. ತಪ್ಪು ಮಾಡುವಾಗ ಭೂಮಿ ನಡುಗಬೇಕು ಎಂದೇನೂ ಇಲ್ಲ ಎಂಬುದು ಅವನಿಗೆ ಸಣ್ಣಂದಿನಿಂದ ಗೊತ್ತಿತ್ತು.

"ಇಷ್ಟೇನಾ ಮೆಟ್ಟಿಲು?" ಎಂದಳು ದೊಡ್ಡಮ್ಮ ಮೇಲೆ ಬಂದಾಗ. ಅವಳ ದನಿಯಲ್ಲಿ ನಿರಾಸೆ ಇತ್ತು; ಮೂರು ತಿಂಗಳು ಪರೀಕ್ಷೆಗೆ ಓದಿದವಳಿಗೆ ಒಂದೇ ಪ್ರಶ್ನೆ ಕೇಳಿ ಕಳಿಸಿದ ಹಾಗೆ. "ಈಗ ಕಾರು ಬಹುಪಾಲು ಮೇಲ್ತನಕ ಬರುತ್ತೆ ಅಮ್ಮ. ಹಳೇ ಮೆಟ್ಟಿಲು ಹಿಂದುಗಡೆ ಇವೆ." ತಂಗಿಯ ಮಗಳು ಸುತ್ತ ನೋಡಿದಳು. ಬಾಗಿಲ ಮೇಲಿನ ಕಲ್ಲಿನ ಅಕ್ಷರ ಈಗ ಯಾರೂ ಓದದ ಲಿಪಿ. "ಇದೇ ತಾನೇ ಸರ್? ಅಮ್ಮ ಹೇಳ್ತಿದ್ದಿದ್ದು ಇನ್ನೂ ಎತ್ತರ ಅನ್ನೋ ಹಾಗಿತ್ತು." "ಇದೇ ಆ ಜಾಗ" ಎಂದ ಅವನು. ಅವನ ದನಿ ಒಂದಿಷ್ಟೂ ಅಲುಗಲಿಲ್ಲ. ಒಳಗೆ ತಂಪಾಗಿತ್ತು, ಮೇಣದ ವಾಸನೆ, ಒದ್ದೆ ಸುಣ್ಣದ ವಾಸನೆ. ಮೂರು ಉದ್ದನೆಯ ಬೆಂಚು, ಮಾತೆಯ ಪುಟ್ಟ ಮೂರ್ತಿ, ಅದರ ಮೂಗಿನ ಬಣ್ಣ ಎದ್ದಿತ್ತು. ದೊಡ್ಡಮ್ಮ ಕೈಯಾಡಿಸಿ ಬತ್ತಿ ಇಡುವ ಕಬ್ಬಿಣದ ತಟ್ಟೆ ಹುಡುಕಿಕೊಂಡು, "ಅವಳು ಇಟ್ಟಿದ್ದೂ ಇಲ್ಲೇ ಇರಬೇಕು ಅಲ್ವಾ?" ಎಂದು ಕೇಳಿದಳು. ಗೈಡು "ಹೂಂ" ಎಂದ. ತಂಗಿಯ ಮಗಳು ಕಡ್ಡಿ ಗೀರಿದಳು. ದೊಡ್ಡಮ್ಮ ಅವಳ ಕೈ ಮೇಲೆ ಕೈ ಇಟ್ಟು ತಾನೇ ಹಚ್ಚಿದಳು, ಉರಿಯ ಶಾಖಕ್ಕೆ ಅಂಗೈ ಹಿಡಿದು ಹತ್ತಿದೆಯೇ ನೋಡಿದಳು, ಮಂಡಿಯೂರಿದಳು.

ಆಕೆ ಮನಸ್ಸಿನಲ್ಲೇ ಪ್ರಾರ್ಥಿಸುತ್ತಾಳೆ, ತಾನು ಬಾಗಿಲ ಬಳಿ ನಿಂತು ಎರಡು ನಿಮಿಷ ಕಾಲಿಗೆ ಬಿಡುವು ಕೊಡುತ್ತೇನೆ ಎಂದುಕೊಂಡಿದ್ದ. ಆಕೆ ಬಾಯಿಬಿಟ್ಟೇ ಮಾತಾಡಿದಳು, ಎದುರು ಮನೆಯವರೊಡನೆ ಮಾತಾಡುವಷ್ಟು ಗಟ್ಟಿಯಾಗಿ. "ಪುಟ್ಟೀ, ಬಂದಿದೀನಿ ಕಣೇ. ನೀನು ಇಲ್ಲಿಂದ ಇಳಿದು ಹೋಗಿ ಫೋನ್ ಮಾಡಿದೆ. ಅಕ್ಕಾ, ನಿನ್ನ ಹೆಸರಲ್ಲಿ ಬತ್ತಿ ಹಚ್ಚಿದೀನಿ, ನನಗೆ ಸಿಟ್ಟಿಲ್ಲ ಅಂದೆ. ನಾನು ಎಕ್ಸ್‌ಚೇಂಜಲ್ಲಿ ಡ್ಯೂಟಿ ಮೇಲಿದ್ದೆ. ಮೂವತ್ತು ವರ್ಷ ಊರಿಗೆಲ್ಲ ಹೇಳಿದ್ದೆನಲ್ಲ, ಅದೇ ದನಿಯಲ್ಲಿ ನಿನಗೂ ಹೇಳಿದೆ. ಕ್ಷಮಿಸಿ, ನೀವು ಕೇಳಿದ ಲೈನು ಬಿಜಿ ಇದೆ ಅಂತ. ಹೇಳಿ ಕಿತ್ತೆ. ನಿನಗೆ ಗೊತ್ತಿತ್ತು ನಾನೇ ಅಂತ. ನನಗೂ ಗೊತ್ತಿತ್ತು ನಿನಗೆ ಗೊತ್ತು ಅಂತ. ಅಮ್ಮನ ಮಣ್ಣಿನ ದಿನ ನಾಲ್ಕು ಜನರೆದುರು ನಿನ್ನ ಬೈದದ್ದೂ ನಾನೇ, ಆಮೇಲೆ ಮಾತು ಬಿಟ್ಟು ಬಿಗಿದುಕೊಂಡವಳೂ ನಾನೇ. ಆ ಚಳಿಗಾಲ ದಾಟಲಿಲ್ಲ ನೀನು. ಒಂದು ತಂತಿ ಕಿತ್ತದ್ದಕ್ಕೆ ಹದಿನಾರು ವರ್ಷ ಆಯ್ತಲ್ಲೇ ಪುಟ್ಟೀ." ತಂಗಿಯ ಮಗಳು ಹಿಂದಿನಿಂದ ಬಂದು ದೊಡ್ಡಮ್ಮನ ಎರಡೂ ಭುಜ ಹಿಡಿದು ನಿಂತಳು; ಅವಳಿಗೆ ಈ ಕಥೆ ಮೊದಲೇ ಗೊತ್ತಿದ್ದಂತಿತ್ತು. ಗೈಡು ಹೊರಗೆ ಬಂದು ಗೋಡೆಗೆ ಬೆನ್ನು ಕೊಟ್ಟ. ಟೆಲಿಫೋನ್ ಎಕ್ಸ್‌ಚೇಂಜಿನ ಉದ್ದನೆಯ ಹಲಗೆ, ಸಾಲು ರಂಧ್ರಗಳು, ಕಿವಿಗೆ ಹೆಡ್‌ಫೋನು ಹಾಕಿಕೊಂಡ ಹೆಂಗಸು, ಎಲ್ಲ ಅವನ ಕಣ್ಣಿಗೆ ಕಟ್ಟಿತು, ಅವಳ ತಣ್ಣನೆಯ ಮಾತೂ ಕೇಳಿಸಿತು. ಆ ದನಿ ಅವನಿಗೆ ಚೆನ್ನಾಗಿ ಪರಿಚಯವಿತ್ತು. ಸ್ವಲ್ಪ ಹೊತ್ತಿನ ಕೆಳಗೆ ಅವನದೇ ಗಂಟಲಿಂದ ಬಂದಿತ್ತು.

ಈಗಲೇ ಹೇಳಿಬಿಡು, ಎಂದಿತು ಮನಸ್ಸು. ಬತ್ತಿ ಇನ್ನೂ ಉದ್ದ ಇದೆ, ಆರಿಸಿ ಎತ್ತಿಕೊಂಡು ಹೋಗಬಹುದು. ಆದರೆ ದೊಡ್ಡಮ್ಮ ಹೊರಗೆ ಬಂದಾಗ ಅವಳ ಮುಖ ಮೊದಲಿನದಾಗಿರಲಿಲ್ಲ. ಎಷ್ಟೋ ದಿನ ಜ್ವರ ಇದ್ದು ಬಿಟ್ಟವರ ಮುಖ ಹಾಗಿರುತ್ತದೆ. ಅಂಥ ಮುಖಕ್ಕೆ ಏನು ಹೇಳುವುದು? ಬತ್ತಿ ಒಳಗೇ ಉರಿಯುತ್ತಾ ಉಳಿಯಿತು. ಕಾರಿನಲ್ಲಿ ಅವಳು ಕಿಟಕಿ ಇಳಿಸಲು ಹೇಳಿದಳು, ಗೊಣಗನ ಅಳಿಯನ ಕಥೆ ಕೇಳಿ ಬಿದ್ದು ಬಿದ್ದು ನಕ್ಕಳು, ಅಳಿಯನದೇನೂ ತಪ್ಪಿಲ್ಲ ಎಂದು ತೀರ್ಪನ್ನೂ ಕೊಟ್ಟಳು. ಗೈಡು ಮುಂದಿನ ಸೀಟಿನಲ್ಲಿ ಕೂತು ಕಾರಣ ಹುಡುಕುತ್ತಿದ್ದ. ದೇವರು ಎಲ್ಲ ಕಡೆ ಇದ್ದಾನೆ. ಎರಡೂ ಮಾತೆಯದೇ ಗುಡಿ. ಸತ್ತವರಿಗೆ ವಿಳಾಸ ಬೇಕೇ? ಒಂದೊಂದೂ ಸರಿಯಾಗಿಯೇ ಇತ್ತು, ಒಂದೂ ಒಪ್ಪಿಗೆಯಾಗಲಿಲ್ಲ. ಆಕೆ ಕೇಳಿದ್ದು ದೇವರನ್ನಲ್ಲ, ತಂಗಿ ನಿಂತ ಜಾಗವನ್ನು. ಅದನ್ನು ತೋರಿಸುವುದೊಂದೇ ತನ್ನ ಕೆಲಸ. ಬಡಗಿ ಕುರ್ಚಿಯ ಕಾಲು ಮುರಿದೇ ಕೊಟ್ಟ ಹಾಗಾಯಿತು.

ಸನ್ಯಾಸಿಗಳ ಮಠದಲ್ಲಿ ಕಲ್ಲಿನ ಕೊಠಡಿಗಳ ಸಾಲು ಬಿಟ್ಟರೆ ಏನೂ ಉಳಿದಿರಲಿಲ್ಲ. ಗಡಿಯಾರ ನಾಲ್ಕು ತೋರಿಸುತ್ತಿತ್ತು. ಗುಡ್ಡದ ಗೇಟು ಮುಚ್ಚುವುದು ಐದಕ್ಕೆ. ಈ ಕ್ಷಣ ಹೊರಟರೆ ಮುಟ್ಟಬಹುದು. ಅವನು ಸನ್ಯಾಸಿಗಳ ಊಟದ ಹೊತ್ತು, ನಿದ್ದೆಯ ಹೊತ್ತು, ಮೌನದ ಹೊತ್ತು ಎಲ್ಲ ಹೇಳಿದ, ಹೇಳುತ್ತಾ ಕಾಲು ಗಂಟೆ ಕಳೆದ. ಆಗ ದೊಡ್ಡಮ್ಮ ಗೋಡೆ ಬಿಟ್ಟು ಅವನ ಕೈ ಹುಡುಕಿ ಹಿಡಿದುಕೊಂಡಳು. "ನಿಮಗೆ ಪುಣ್ಯ ಬರುತ್ತೆ ನೋಡಿ. ಇವತ್ತು ರಾತ್ರಿ ನಾನು ನಿದ್ದೆ ಮಾಡ್ತೀನಿ." ಅವನಿಗೆ ಕೈ ಬಿಡಿಸಿಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. "ಅಮ್ಮ, ಅದು ಗುಡ್ಡದ ಚರ್ಚಲ್ಲ" ಎಂದ.

ಕೈ ಹಾಗೆಯೇ ಇತ್ತು. "ಏನಂದ್ರಿ?" "ಅದು ಬೇರೆ. ಕೆಳಗಿನದು. ಗುಡ್ಡದ ಚರ್ಚು ಗುಡ್ಡದ ಮೇಲೇ ಇದೆ." ತಂಗಿಯ ಮಗಳು ಎರಡು ಹೆಜ್ಜೆ ಮುಂದೆ ಬಂದಳು. "ನಿಮಗೆ ನಾಚಿಕೆ ಆಗಲ್ವಾ? ಎದುರಿಗೆ ನಿಂತು ಕೇಳಿದೆನಲ್ಲ ನಾನು, ಇದೇ ತಾನೇ ಅಂತ!" ಅವನು ಬಗ್ಗಿ ಪ್ಯಾಂಟು ಮೇಲೆ ಸರಿಸಿ ಪಟ್ಟಿ ತೋರಿಸಿದ. ಬೆಳಿಗ್ಗೆಯಿಂದ ಅಷ್ಟು ಜತನವಾಗಿ ಮುಚ್ಚಿಟ್ಟುಕೊಂಡದ್ದನ್ನು ಈಗ ಕೂಸಿನ ಹಾಗೆ ಎತ್ತಿ ತೋರಿಸುತ್ತಿದ್ದ, ಪಟ್ಟಿಯ ಕೆಳಗೆ ಊದಿಕೊಂಡ ಕಾಲು ಬಿಳಿಚಿಕೊಂಡಿತ್ತು. "ಏನು ತೋರಿಸ್ತಿದಾರೆ?" ಎಂದಳು ದೊಡ್ಡಮ್ಮ. "ಮಂಡಿ, ದೊಡ್ಡಮ್ಮ. ಪಟ್ಟಿ ಕಟ್ಟಿದಾರೆ." ದೊಡ್ಡಮ್ಮ ಅವನ ಕಡೆಗೆ ಮುಖ ತಿರುಗಿಸಿದಳು. "ನೋವಿದ್ರೆ ಹೇಳಬಾರದಿತ್ತಾ? ಕೆಳಗೆ ಕಾರಲ್ಲಿ ಕೂತಿರಿ ಅಂತಿದ್ದೆ. ನಾವಿಬ್ಬರೇ ಹತ್ತಿ ಬರ್ತಿದ್ವಿ." ಕೆಳಗೆ ಕೂತಿರುವುದು. ಇಷ್ಟು ಸುಲಭದ ಒಂದು ದಾರಿ ಇತ್ತೆಂದು ಇಡೀ ದಿನದಲ್ಲಿ ಒಮ್ಮೆಯೂ ಅವನಿಗೆ ಹೊಳೆದಿರಲಿಲ್ಲ. ಹೆಂಡತಿಗೆ ಹೊಳೆದಿತ್ತು. "ತಪ್ಪಾಯ್ತು ಅಮ್ಮ. ಈಗ್ಲೇ ಹೊರಟ್ರೆ ಸಿಗಬಹುದು. ನಾನೂ ಹತ್ತುತೀನಿ, ಏನಾದ್ರೂ ಆಗ್ಲಿ." ಆಕೆ ಈಗ ಅವನ ಕೈ ಬಿಟ್ಟಳು. "ಮೂವತ್ತು ವರ್ಷ ಬರೀ ದನಿ ಕೇಳೇ ಬದುಕಿದವಳು ನಾನು. ಯಾರು ಸುಳ್ಳು ಹೇಳ್ತಿದಾರೆ ಅಂತ ಥಟ್ಟನೆ ಗೊತ್ತಾಗೋದು. ನಿಮ್ಮದು ಗೊತ್ತಾಗಲಿಲ್ಲ. ಚೆನ್ನಾಗಿ ಪಳಗಿದೆ." ಅದರಲ್ಲಿ ಸಿಟ್ಟು ಇರಲಿಲ್ಲ, ಒಬ್ಬ ಕಸುಬುದಾರ ಇನ್ನೊಬ್ಬನ ಬಗ್ಗೆ ಹೇಳಿದ ಹಾಗಿತ್ತು. ಬಾಗಿಲ ಕಡೆ ಕೋಲು ಚಾಚುತ್ತಾ ಅವಳು ಇನ್ನೊಂದು ಮಾತು ಸೇರಿಸಿದಳು. "ನನಗೆ ನೆಮ್ಮದಿ ಆಗಿತ್ತು. ಹೇಳದೆ ಇರೋಕೆ ನಿಮ್ಮ ಕೈಲಿ ಆಗ್ಲಿಲ್ಲ, ಅಲ್ವಾ?"

ಗೊಣಗ ಗಾಡಿಯನ್ನು ಹುಚ್ಚನ ಹಾಗೆ ಓಡಿಸಿದ. ಹೇಳದಿದ್ದರೂ ತಪ್ಪು, ಹೇಳಿದರೂ ತಪ್ಪು ಎಂಬ ಜಾಗಕ್ಕೆ ತಾನು ನಡೆದುಕೊಂಡೇ ಬಂದಿದ್ದೇನೆ, ಯಾರೂ ತಳ್ಳಲಿಲ್ಲ ಎಂದು ಗೈಡು ಕಿಟಕಿಯ ಹೊರಗೆ ನೋಡುತ್ತಾ ಯೋಚಿಸಿದ. ಸುಳ್ಳು ಹೇಳಿದ್ದು ತನ್ನ ಮಾನಕ್ಕೆ, ನಿಜ ಹೇಳಿದ್ದು ತನ್ನ ನಿದ್ದೆಗೆ. ನಡುವೆ ಆ ಮುದುಕಿ ಎಲ್ಲಿದ್ದಳು? ಇಂಥ ಪಶ್ಚಾತ್ತಾಪದಿಂದ ಆಕೆಗೇನು ಬಂತು? ಮಂಡಿ ಈಗ ನೋಯುತ್ತಿರಲಿಲ್ಲ, ಹಾಳಾದ್ದು. ಗುಡ್ಡದ ಬುಡ ಮುಟ್ಟಿದಾಗ ಐದು ದಾಟಿ ಹತ್ತು ನಿಮಿಷ. ಕಾವಲುಗಾರ ಸರಪಳಿ ಸುತ್ತಿ ಬೀಗ ಜಡಿದು, ತನ್ನ ಸೈಕಲ್ಲಿಗೆ ಚೀಲ ಕಟ್ಟುತ್ತಿದ್ದ. "ಅರ್ಧ ಗಂಟೆ ಬಿಡಪ್ಪ, ನನ್ನ ಮುಖ ನೋಡಿ" ಎಂದ ಗೈಡು. "ಸಾರ್, ಐದಕ್ಕೆ ಬಾಗಿಲು ಅಂತ ಎಲ್ಲರಿಗೂ ಹೇಳೋರೇ ನೀವು. ಮೇಲಿನ ಬಾಗಿಲಿಗೆ ಫಾದರೇ ಬೀಗ ಹಾಕ್ಕೊಂಡು ಆ ಕಡೆಯಿಂದ ಇಳಿದು ಹೋದ್ರು. ಹತ್ತಿದ್ರೂ ಬೀಗ ನೋಡ್ಕೊಂಡು ಬರಬೇಕು. ನಾಳೆ ಬನ್ನಿ." ನಾಳೆ ಎಂಬುದು ಇವರಿಗೆ ಇರಲಿಲ್ಲ. ಚೀಲದಲ್ಲಿ ಇನ್ನೊಂದು ಬತ್ತಿಯೂ ಇರಲಿಲ್ಲ. ಕಾವಲುಗಾರ ಸೈಕಲ್ಲು ತುಳಿದು ಹೋದ.

ದೊಡ್ಡಮ್ಮ ಗೇಟಿನ ಸರಳು ಹಿಡಿದು ನಿಂತಿದ್ದಳು. ಗಾಳಿ ಜೋರಾಗಿತ್ತು, ಅವಳ ನರೆಗೂದಲು ಕನ್ನಡಕದ ಮೇಲೆ ಹಾರುತ್ತಿತ್ತು. ಅಳುತ್ತಿದ್ದಾಳೆಯೇ ಎಂದು ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಕೊನೆಗೆ ಅವಳೇ, "ಯಾವ ಕಡೆ ಇದೆ?" ಎಂದಳು. ಅವನು ಹತ್ತಿರ ಹೋಗಿ ಅವಳ ಭುಜ ಹಿಡಿದು ಮೆಲ್ಲಗೆ ಎಡಕ್ಕೆ ತಿರುಗಿಸಿದ. "ಹೀಗೆ ಅಮ್ಮ. ಇನ್ನೂ ಸ್ವಲ್ಪ ಮೇಲೆ. ಒಂದು ಬಿಳಿ ಗೋಡೆ, ಅದರಲ್ಲೊಂದು ಕಿಟಕಿ. ಇಲ್ಲಿಂದ ಅಷ್ಟೇ ಕಾಣೋದು." ಈ ಸಲ ಅವನು ಒಂದು ಅಕ್ಷರವನ್ನೂ ಕೂಡಿಸಿರಲಿಲ್ಲ.

ಅವಳು ಮುಖ ಎತ್ತಲಿಲ್ಲ. ಭುಜದ ಮೇಲಿನ ಅವನ ಕೈಯನ್ನು, ನೋವಾಗದ ಹಾಗೆ, ಎತ್ತಿ ಪಕ್ಕಕ್ಕೆ ಇಟ್ಟಳು. "ಮಗೂ, ನೀನು ಬಾ. ನೀನು ನೋಡಿ ಹೇಳು."

ತಂಗಿಯ ಮಗಳು ಬಂದು ಪಕ್ಕದಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಅವನು ತೋರಿಸಿದ ಕಡೆಗೆ ಬಹಳ ಹೊತ್ತು ನೋಡಿದಳು. ಗೈಡು ಕಾದ.

"ಹೌದು ದೊಡ್ಡಮ್ಮ. ಇದೆ" ಎಂದಳು ಅವಳು.

ಆಗ ಮುದುಕಿ ಮುಖ ಎತ್ತಿ ಕೈಮುಗಿದಳು.